ಎಲೆಗಳ ಹಿಂದಿನ ಮುಖ

“ಬು, ನಾನು ಹೊರಗಡೆ ನಿಂತ್ಕೊಳ್ಲಾ?”

ಕಾನ್‌ಸ್ಟೇಬಲ್ ಬುದಾರ್ಸ, ಅಮ್ಮಾವ್ರೇ ಎನ್ನುವ ಮರ್ಯಾದೆಯ ‘ಬು’ ಹಚ್ಚಿ, ಮತ್ತೆ ಅದನ್ನೇ ಕೇಳಿದ. ಅವನ ಕಣ್ಣು ಚಾವಣಿಯ ಬಿದಿರಿನ ಮೇಲೆ ನೆಟ್ಟಿತ್ತು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ಯಾಕೆ, ಒಳಗೆ ಸೆಕೆಯಾ?” ಇನ್‌ಸ್ಪೆಕ್ಟರ್ ದೇಸಕ್ ಸುವಿತ್ರಿ ತಲೆ ಎತ್ತದೆ ಕೇಳಿದಳು. ಅವಳು ಚಾಪೆಯ ಮೇಲೆ ಮಂಡಿಯೂರಿ, ಹಾಳೆಗಳನ್ನು ಒಂದೊಂದಾಗಿ ಹರಡುತ್ತಿದ್ದಳು.

“ಸೆಕೆ ಅಲ್ಲ ಬು. ನನ್ನ ಮಗಳು ಕಾಲೇಜಿಗೆ ಹೋಗ್ತಿದಾಳೆ. ಇಂಥ ಚಿತ್ರ ಕಂಡಿಲ್ಲ ಅಂತಲ್ಲ. ಆದ್ರೆ ನಿಮ್ಮ ಪಕ್ಕ ನಿಂತ್ಕೊಂಡು ನೋಡೋದು ಅಂದ್ರೆ...”

“ಹಾಗಾದ್ರೆ ನೋಡ್ಬೇಡ. ಕಿಟಕಿ ಬಾಗಿಲು ಪೂರ್ತಿ ತೆಗಿ. ಬೆಳಕು ಸಾಲದು.”

ಬುದಾರ್ಸನಿಗೆ ಜೀವ ಬಂದಂತಾಯಿತು. ಕಿಟಕಿಯ ಹತ್ತಿರ ಹೋಗಿ, ಅಲ್ಲೇ ಬೆನ್ನು ತಿರುಗಿಸಿ ನಿಂತುಬಿಟ್ಟ.

ಈ ಹಾಳೆಗಳ ಒಡೆಯ, ಮುದುಕ ಚಿತ್ರಕಾರ ದೇವ ರೆಂಬಾಂಗ್, ಕಳೆದ ವಾರ ಇದೇ ಚಾಪೆಯ ಮೇಲೆ ತುಟಿ ನಾಲಿಗೆಯೆಲ್ಲ ಕಪ್ಪಾಗಿ ಸತ್ತು ಬಿದ್ದಿದ್ದ. ಅವನ ಮಸಿಬಟ್ಟಲಿನಲ್ಲಿ ವಿಷವಿತ್ತೆಂದು ಪ್ರಯೋಗಾಲಯದವರು ಇವತ್ತು ಬೆಳಿಗ್ಗೆ ಖಚಿತಪಡಿಸಿದ್ದರು.

ಬೆಳ್ಳಿ ಕೆಲಸದವರು ಮೆರುಗು ಹಾಕಲು ಇಟ್ಟುಕೊಳ್ಳುವ, ಕಡಲಿನವರು ಮೀನು ಮಂಕಾಗಲೆಂದು ಕದ್ದು ಎರಚುವ ವಿಷ ಅದು. ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುವವನ ಮೈ ಸೇರಲು ಅದಕ್ಕೆ ಬೇರೆ ದಾರಿ ಬೇಕಿರಲಿಲ್ಲ.

ಊರಿನವರಿಗೆ ಪ್ರಯೋಗಾಲಯದ ಮಾತು ಬೇಕಿರಲಿಲ್ಲ. ಚೆತಿಕ್, ಮಂತ್ರಿಸಿ ಇಕ್ಕಿದ ವಿಷ, ಎಂದು ಮೊದಲ ದಿನವೇ ತೀರ್ಮಾನವಾಗಿತ್ತು. ಇಕ್ಕಿದವಳು ಯಾರೆಂಬುದೂ ತೀರ್ಮಾನವಾಗಿತ್ತು. ದಹನ ಮುಗಿದ ಮೇಲೆ ಸೊಸೆಯನ್ನು ಊರಿನಿಂದ ಆಚೆ ಕಳಿಸಬೇಕೆಂದು ಪಂಚಾಯಿತಿ ಮಂಟಪದಲ್ಲಿ ಗಂಡಸರು ಆಗಲೇ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ದಹನಕ್ಕೆ ಒಳ್ಳೆಯ ದಿನ ಬರಬೇಕಿತ್ತು. ಹಡಗಿನಲ್ಲಿ ಅಡುಗೆಯವನಾಗಿರುವ ಒಬ್ಬನೇ ಮಗ ಓಕನೂ ಬರಬೇಕಿತ್ತು. ಅಲ್ಲಿಯವರೆಗೆ ಹೆಣ ಅಂಗಳದ ಪೂರ್ವದ ಮಂಟಪದಲ್ಲಿ ಬಿಳಿ ಬಟ್ಟೆಯ ಅಡಿಯಲ್ಲಿ ಮಲಗಿತ್ತು. ಧೂಪದ ವಾಸನೆ ಕಿಟಕಿಯಿಂದ ಒಳಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಮನೆಯ ನಾಯಿಗಳು ಬೊಗಳುವುದನ್ನೇ ಬಿಟ್ಟಿದ್ದವು.

ಸುವಿತ್ರಿ ಒಂದು ಲವಂಗ ಬಾಯಿಗೆ ಹಾಕಿಕೊಂಡು ಹಾಳೆಗಳತ್ತ ಬಾಗಿದಳು.

ಪ್ರೇಮಿಗಳ ಚಿತ್ರಗಳು. ಬರೀ ಕಪ್ಪು ಮಸಿ. ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಅದರ ಮೇಲೆ ಬಳಿದು, ಕತ್ತಲನ್ನು ಪದರಪದರವಾಗಿ ಕಟ್ಟಿದ್ದರು. ಹಾಳೆಯ ಒಂದು ಮೂಲೆಯೂ ಖಾಲಿ ಇರಲಿಲ್ಲ. ಎಲೆ, ಬೇರು, ಬಳ್ಳಿ, ಹಕ್ಕಿಯ ಕಣ್ಣು. ಆ ಕತ್ತಲೆಯ ನಡುವೆ ಒಂದು ತೊಡೆ, ಒಂದು ತೋಳು, ಜಾರಿದ ಬಟ್ಟೆಯ ಅಂಚು ಬೆಳ್ಳಗೆ ಹೊಳೆಯುತ್ತಿದ್ದವು. ಹೆಣ್ಣಿನ ಕಾಲಬೆರಳುಗಳು ಮಡಚಿಕೊಂಡಿದ್ದವು. ಗಂಡಿನ ಅರೆಮುಚ್ಚಿದ ಕಣ್ಣಿನಲ್ಲಿ ನಾಚಿಕೆ ಅನ್ನುವುದೇ ಇರಲಿಲ್ಲ. ಮೂಲೆಯಲ್ಲಿ ಒಬ್ಬ ಡೊಳ್ಳುಹೊಟ್ಟೆಯ ಆಳು ಬಾಯಿಗೆ ಕೈ ಅಡ್ಡವಿಟ್ಟು ಕಿಸಕ್ಕನೆ ನಗುತ್ತಿದ್ದ.

ರೆಂಬಾಂಗನ ಅಜ್ಜನ ಕಾಲದಿಂದ ಈ ಮನೆಯವರು ಇದನ್ನೇ ಬರೆದವರು. ಅಜ್ಜ ಅರಮನೆಯವರಿಗೂ ಆಮೇಲೆ ಬಿಳಿಯರಿಗೂ ಬರೆದುಕೊಟ್ಟ. ಮೊಮ್ಮಗ ರೆಂಬಾಂಗ್ ಉಬುದ್ ಪೇಟೆಯ ಚಿತ್ರವ್ಯಾಪಾರಿ ಗುಸ್ತಿ ಪಾಂಜಿಯ ಮೂಲಕ ಜಗತ್ತಿಗೇ ಮಾರಿದ.

“ಪಾಂಜಿ ಏನಂದ?” ಸುವಿತ್ರಿ ಕೇಳಿದಳು.

“ಅತ್ತ ಬು. ಆಮೇಲೆ ಕೊನೇ ಚಿತ್ರ ಯಾವಾಗ ಸಿಗುತ್ತೆ ಅಂತ ಕೇಳಿದ. ಸತ್ತವನ ಚಿತ್ರಕ್ಕೆ ಈಗ ಬೆಲೆ ಜಾಸ್ತಿಯಂತೆ. ಅವನ ಅಂಗಡಿ ಹುಡುಗಿ ನನ್ನ ಕಿವಿಯಲ್ಲಿ ಹೇಳಿದ್ಲು. ಮುದುಕಪ್ಪ ಸಾಯೋ ಹಿಂದಿನ ದಿನ ಪಾಂಜಿ ಈ ಮನೆಗೆ ಬಂದಿದ್ದೂ ನಿಜ. ಆದ್ರೆ ಜಗಲಿ ದಾಟಿ ಒಳಗೆ ಬಂದಿಲ್ಲ ಅಂತಾನೆ. ಚಿತ್ರದ ಕೋಣೆಗೆ ಹೊರಗಿನವರನ್ನ ಮುದುಕಪ್ಪ ಬಿಡ್ತಿರ್ಲಿಲ್ಲವಂತೆ.”

“ಯಾಕೆ ಬಿಡ್ತಿರ್ಲಿಲ್ಲ?”

“ಕಲೆಗಾರರ ಮರ್ಜಿ ಬು. ನಂಗೇನು ಗೊತ್ತು.”

ಸುವಿತ್ರಿ ಠಾಣೆಯಿಂದ ವಾಪಸ್ ತಂದಿದ್ದ ಕೊನೆಯ ಹಾಳೆಯನ್ನು ತೆಗೆದುಕೊಂಡಳು. ಸಾಯುವಾಗ ರೆಂಬಾಂಗನ ಎದುರಿಗಿದ್ದ ಹಾಳೆ. ಊರಾಚೆಯ ಬುಗ್ಗೆಯ ಚಿತ್ರ ಅದು. ಕಲ್ಲಿನ ಬಾಯಿಗಳಿಂದ ನೀರು ಬೀಳುತ್ತಿತ್ತು. ಹೆಣ್ಣಿನ ಬೆನ್ನು ನೋಡುವವರ ಕಡೆಗಿತ್ತು. ನೆನೆದ ಕೂದಲು ಸೊಂಟದವರೆಗೆ ಇಳಿದಿತ್ತು. ಗಂಡಿನ ಎರಡು ಕೈ ಅವಳ ಬೆನ್ನ ಮೇಲೆ ಬೆಸೆದುಕೊಂಡಿದ್ದವು. ಅವಳ ಹೆಗಲ ಮೇಲಿಂದ ಅವನ ಮುಖ ಕಾಣಬೇಕಿತ್ತು.

ಕಾಣುತ್ತಿರಲಿಲ್ಲ. ಅಲ್ಲಿ ಒಂದು ಹಿಡಿ ಎಲೆ ಬೆಳೆದಿತ್ತು.

ಅವಳು ಉಳಿದ ಹಾಳೆಗಳನ್ನು ಮತ್ತೆ ಎಳೆದು ನೋಡಿದಳು. ಬೇರೆ ಯಾವುದರಲ್ಲಿಯೂ ಗಂಡಸಿನ ಮುಖ ಮರೆಯಾಗಿರಲಿಲ್ಲ. ಇಂಥ ಚಿತ್ರದ ಸೊಗಸೆಲ್ಲ ಆ ಮುಖಗಳಲ್ಲೇ ಇತ್ತು. ಇಲ್ಲಿ ಮಾತ್ರ ಎಲೆ. ಅದೂ ಕೊಂಬೆಯಿಲ್ಲದ ಎಲೆ. ಗಾಳಿಯಲ್ಲಿ ತೇಲುತ್ತ ಬಂದು ಅವನ ಮುಖಕ್ಕೆ ಮೆತ್ತಿಕೊಂಡಂತಿತ್ತು.

ಎಲೆಗಳ ಗೆರೆಯೂ ಬೇರೆಯಾಗಿತ್ತು. ಉಳಿದ ಕಡೆ ಕೂದಲೆಳೆಯಷ್ಟು ತೆಳ್ಳಗೆ, ಎಲ್ಲೂ ತಡವರಿಸದೆ ಓಡಿದ ಗೆರೆ ಇಲ್ಲಿ ನಡುಗಿ, ದಪ್ಪವಾಗಿ, ಅಂಚಿನಲ್ಲಿ ಒಸರಿತ್ತು.

“ಬುದಾರ್ಸ, ನಿನ್ನ ಹೆಂಡತಿ ಊರು ಇದೇ ಅಲ್ವಾ? ರೆಂಬಾಂಗರನ್ನ ಕೊನೇ ಸಲ ಯಾವಾಗ ನೋಡಿದ್ದೆ?”

“ಗಲುಂಗಾನ್ ಹಬ್ಬಕ್ಕೆ ಬಂದಾಗ, ದೇವಸ್ಥಾನದಲ್ಲಿ.”

“ಹೇಗಿದ್ರು?”

“ಹೇಗಿರೋದು, ಮುದುಕರು. ಕಾಫಿ ಲೋಟಕ್ಕೆ ಎರಡು ಕೈ ಹಾಕಿದ್ರೂ ಅರ್ಧ ಮೈಮೇಲೆ ಚೆಲ್ಲಿತು. ತಲೆವಸ್ತ್ರಾನೂ ಹೆಂಡತಿ ಕೈಲೇ ಕಟ್ಟಿಸ್ಕೊಂಡು ಬಂದಿದ್ರು. ವಯಸ್ಸಾಯ್ತು ಅಂದ್ರು.”

ಸುವಿತ್ರಿ ಹಾಳೆಗಳ ಮೂಲೆ ನೋಡಿದಳು. ಬುಗ್ಗೆಯ ಹಾಳೆಯೊಂದನ್ನು ಬಿಟ್ಟು ಎಲ್ಲದರಲ್ಲೂ ರೆಂಬಾಂಗನ ಸಹಿ, ಈ ವರ್ಷದ ತಾರೀಖು. ಗಲುಂಗಾನ್ ಕಳೆದ ಮೇಲಿನ ತಾರೀಖುಗಳೇ ಹೆಚ್ಚು. ಸಹಿ ಮಾತ್ರ ಗಾಯಗೊಂಡ ಹುಳು ತೆವಳಿದ ಹಾಗಿತ್ತು.

ಅವನ ಹಾಸಿಗೆಯ ಪಕ್ಕದಲ್ಲಿ ಸಿಕ್ಕ ಮಾತ್ರೆಯ ಪಟ್ಟಿ ಅವಳ ಚೀಲದಲ್ಲಿತ್ತು. ಕೈ ನಡುಕಕ್ಕೆ ಕೊಡುವ ಮಾತ್ರೆ. ಅದನ್ನು ಅವಳು ಆ ದಿನವೇ ಎತ್ತಿಟ್ಟಿದ್ದಳು. ಅದಕ್ಕೂ ಸಾವಿಗೂ ಏನು ಸಂಬಂಧ ಎಂದು ಮಾತ್ರ ಇಲ್ಲಿಯವರೆಗೆ ಹೊಳೆದಿರಲಿಲ್ಲ.

“ಸೊಸೆನ ಕರಿ. ನೀನು ಕೆಳಗೆ ಜಗಲೀಲಿ ಕೂತಿರು.”

“ಈಗ ಹೇಳಿದ್ರಲ್ಲ, ಅದು ಮಾತು,” ಎಂದು ಬುದಾರ್ಸ ಮೆಟ್ಟಿಲಿಳಿದ.

*

ಸೊಸೆ ಸಾಂದತ್ ಬಂದು ಬಾಗಿಲ ಹತ್ತಿರ ನಿಂತಳು; ಮೇಲಿನ ಮನೆತನಕ್ಕೆ ಮದುವೆಯಾಗಿ ಬಂದವಳೆಂದು ಊರು ಅವಳನ್ನು ಜೆರೋ ಎನ್ನುತ್ತಿತ್ತು. ಮೂವತ್ತೈದರ ಆಸುಪಾಸು. ಸೊಂಟಕ್ಕೆ ಹಳದಿ ಪಟ್ಟಿ ಬಿಗಿದಿತ್ತು, ಕೈಯಲ್ಲಿ ಪೂಜೆಗೆ ಹೆಣೆಯುತ್ತಿದ್ದ ತೆಂಗಿನ ಗರಿ ಇನ್ನೂ ಇತ್ತು. ಚಾಪೆಯ ಮೇಲೆ ಹರಡಿದ್ದ ಹಾಳೆಗಳನ್ನು ಒಮ್ಮೆ ನೋಡಿ ಕಣ್ಣು ತೆಗೆದಳು. ಅದರಲ್ಲಿ ನಾಚಿಕೆ ಕಾಣಲಿಲ್ಲ. ತನ್ನ ಸಾಮಾನನ್ನು ಬೇರೆಯವರು ಕೆದಕಿದಾಗ ಜನ ನೋಡುವ ನೋಟ ಅದು.

“ಕೂತ್ಕೋ ಜೆರೋ.”

“ಕೆಳಗೆ ಕೆಲಸ ಇದೆ ಬು. ಹೆಣ ಮನೇಲಿರೋವಾಗ ಹೆಂಗಸರಿಗೆ ಕೂರೋಕೆ ಪುರುಸೊತ್ತೆಲ್ಲಿ?”

“ಕೂತ್ಕೋ.”

ಅವಳು ಕುಳಿತಳು. ಗರಿಯನ್ನು ಬದಿಗಿಟ್ಟಳು.

“ಮಾವನಿಗೆ ಮಸಿ ಅರೆದುಕೊಡ್ತಿದ್ದೋರು ಯಾರು?”

“ನಾನೇ. ಆವತ್ತೇ ಹೇಳಿದೀನಿ.”

“ಸತ್ತ ದಿನ?”

“ಆವತ್ತೂ ನಾನೇ. ಬೆಳಿಗ್ಗೆ ಅರೆದು, ಬಟ್ಟಲಿಗೆ ಬಾಳೆಲೆ ಮುಚ್ಚಿಟ್ಟು, ಪಕ್ಕದ ಮನೆಗೆ ಹೋದೆ. ಅವರ ಹುಡುಗಿ ದೊಡ್ಡವಳಾಗಿದ್ಲು, ಹಲ್ಲಿಗೆ ಅರ ಹಾಕೋ ಶಾಸ್ತ್ರ ಇತ್ತು. ಅಡುಗೆಗೆ ಕರೆದಿದ್ರು. ಬರೋ ಹೊತ್ತಿಗೆ ಮಾವ...” ಅವಳು ಪೂರ್ವದ ಮಂಟಪದ ಕಡೆ ಮುಖ ತಿರುಗಿಸಿದಳು.

“ವಿಷ ಬೆರೆಸೋಕೆ ನಿನಗಿದ್ದಷ್ಟು ಅನುಕೂಲ ಬೇರೆ ಯಾರಿಗೂ ಇರ್ಲಿಲ್ಲ.”

“ನಂಗೆ ಬೇಕಿದ್ರೆ ಮಸೀಲಿ ಯಾಕೆ ಬೆರೆಸ್ಲಿ ಬು? ಈ ಮನೇಲಿ ಅನ್ನ ಬಡಿಸೋಳೂ ನಾನೇ, ಕಾಫಿ ಕಾಸೋಳೂ ನಾನೇ.” ಅವಳ ತುಟಿಯ ಒಂದು ಅಂಚು ಮಾತ್ರ ಅಲುಗಿತು. “ಊರವರು ನನ್ನನ್ನ ಮಾಟಗಾತಿ ಅಂತಾರೆ. ಮಾಟಗಾತಿಗೆ ಇಷ್ಟು ಬುದ್ಧಿ ಇರಲ್ವಾ?”

ಸುವಿತ್ರಿಗೆ ಈ ಉತ್ತರ ಹಿಡಿಸಿತು. ಅದನ್ನು ಮುಖದಲ್ಲಿ ತೋರಿಸಲಿಲ್ಲ. ಚೀಲದಿಂದ ಒಂದು ಬಿಳಿ ಹಾಳೆ, ಹೊಸ ಮಸಿಯ ಸೀಸೆ ತೆಗೆದು ಚಾಪೆಯ ಮೇಲಿಟ್ಟಳು. ಗೋಡೆಗೆ ತೂಗಿದ್ದ ಬಿದಿರಿನ ಕೊಳವೆಯಿಂದ ಒಂದು ಲೇಖನಿ, ಒಂದು ಕುಂಚ ಎತ್ತಿ ಅದರ ಪಕ್ಕದಲ್ಲಿಟ್ಟಳು.

“ಏನಿದು?”

“ಏನಾದ್ರೂ ಬರಿ.”

“ನಾನು ಮಸಿ ಅರೆಯೋಳು. ಬರೆಯೋಳಲ್ಲ.”

“ನಿನ್ನ ಮಾವನಿಗೆ ಕಾಫಿ ಲೋಟ ಹಿಡಿಯೋಕೆ ಆಗ್ತಿರ್ಲಿಲ್ಲ. ಈ ಚಿತ್ರಗಳಲ್ಲಿ ಒಂದು ಗೆರೆ ಅಲುಗಿಲ್ಲ. ಬರಿ ಜೆರೋ. ನೀನು ಸುಮ್ನಿದ್ರೆ ನಾನು ನಿನ್ನನ್ನ ಗಿಯಾನ್ಯಾರ್ ಠಾಣೆಗೆ ಕರ್ಕೊಂಡು ಹೋಗ್ಬೇಕಾಗತ್ತೆ. ಇಲ್ಲೇ ಬಿಟ್ಟು ಹೋದ್ರೆ ಊರವರು ಬಿಡಲ್ಲ.”

ಸಾಂದತ್ ಲೇಖನಿಯ ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದಳು. ಅಂಗಳದಲ್ಲಿ ಯಾರೋ ಒಬ್ಬ ಮುದುಕ ಕೆಮ್ಮಿದ. ಕೋಳಿಯೊಂದು ಕೊಕ್ಕೊಕ್ಕೆಂದಿತು.

ಕೊನೆಗೆ ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಪೆನ್ಸಿಲ್ ಕೇಳಲಿಲ್ಲ. ಲೇಖನಿಯನ್ನು ಮಸಿಗೆ ಅದ್ದಿ, ಹಾಳೆಯ ನಟ್ಟನಡುವೆ ಇಟ್ಟಳು. ಒಂದು ಹಿಮ್ಮಡಿ ಬಂತು. ಮೀನಖಂಡ ಬಂತು. ಮಡಚಿದ ಕಾಲಬೆರಳು ಬಂದವು. ಗೆರೆ ಎಲ್ಲೂ ನಿಲ್ಲಲಿಲ್ಲ. ಬರೆಯುವಾಗ ಅವಳ ಮುಖ ಬೇರೆಯವಳದಾಗಿಬಿಟ್ಟಿತ್ತು. ದವಡೆ ಸಡಿಲವಾಗಿ, ಉಸಿರು ನಿಧಾನವಾಗಿ, ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಎನ್ನುವುದೇ ಮರೆತಂತಿತ್ತು.

ನೆರಳು ತುಂಬಲು ಲೇಖನಿ ಕೆಳಗಿಟ್ಟು ಕುಂಚ ತೆಗೆದುಕೊಂಡಳು. ಮಸಿಗೆ ಅದ್ದಿದಳು. ಕೂದಲು ಚೆದರಿತ್ತು. ತಾನೇನು ಮಾಡುತ್ತಿದ್ದೇನೆಂಬ ಗ್ಯಾನವಿಲ್ಲದೆ ಅದನ್ನು ತುಟಿಗೆ ಒಯ್ದಳು.

ಸುವಿತ್ರಿ ಅವಳ ಮಣಿಕಟ್ಟು ಹಿಡಿದುಕೊಂಡಳು.

ಕುಂಚದ ತುದಿಯಿಂದ ಒಂದು ತೊಟ್ಟು ಮಸಿ ಹಾಳೆಯ ಮೇಲೆ ಬಿದ್ದು ಹರಡಿತು.

“ಇದು ಅಂಗಡಿಯಿಂದ ತಂದ ಮಸಿ. ಇದರಲ್ಲಿ ಏನೂ ಇಲ್ಲ,” ಸುವಿತ್ರಿ ಮೆಲ್ಲಗೆ ಹೇಳಿದಳು. “ಆದ್ರೆ ಆವತ್ತು ಬಾಳೆಲೆ ಮುಚ್ಚಿಟ್ಟಿದ್ದ ಬಟ್ಟಲು ಯಾರದ್ದು?”

ಸಾಂದತ್ ಕುಂಚದ ತುದಿಯನ್ನೇ ನೋಡಿದಳು. ಅವಳ ಕೈ ಸುವಿತ್ರಿಯ ಹಿಡಿತದಲ್ಲೇ ತಣ್ಣಗಾಗತೊಡಗಿತು.

“ನಿನ್ನ ಬಟ್ಟಲು ಅದು. ನೀನು ಪಕ್ಕದ ಮನೆಯಿಂದ ವಾಪಸ್ ಬಂದು ಬರೆಯೋಕೆ ಕೂರ್ತಿದ್ದೆ. ಕುಂಚ ತುಟಿಗೆ ಹೋಗ್ತಿತ್ತು. ಅಷ್ಟೇ.”

“ನನಗೆ ಇಟ್ಟಿದ್ದು...” ಸಾಂದತ್ ಅಷ್ಟು ಹೇಳಿ ನಿಲ್ಲಿಸಿದಳು. ಹಳದಿ ಪಟ್ಟಿಯ ಅಂಚಿನಿಂದ ತುಟಿ ಒರೆಸಿಕೊಂಡಳು. ತುಟಿಯ ಮೇಲೆ ಏನೂ ಇರಲಿಲ್ಲ. ಆದರೂ ಮತ್ತೆ ಮತ್ತೆ ಒರೆಸಿಕೊಂಡಳು.

*

ಒಮ್ಮೆ ಹೊರಟ ಮೇಲೆ ಸಾಂದತ್‌ಳ ಮಾತು ನಿಲ್ಲಲಿಲ್ಲ.

“ಮದುವೆಯಾಗಿ ಬಂದಾಗ ನೆರಳು ತುಂಬೋಕೆ ಕೂರಿಸಿದ್ರು. ಎಲ್ಲ ಮನೇಲೂ ಹೆಂಗಸರು ಅಷ್ಟು ಮಾಡ್ತಾರೆ. ಮಾವನ ಕೈ ನಡುಗೋಕೆ ಶುರುವಾದ ಮೇಲೆ ಎಲೆ ಬರೆದೆ, ಬೇರು ಬರೆದೆ, ಹಕ್ಕಿ ಬರೆದೆ. ಆಮೇಲೆ ಮೈಯೂ ನಾನೇ ಬರೀಬೇಕಾಯ್ತು.”

“ಇಂಥ ಚಿತ್ರ, ಮಾವನ ಎದುರಿಗೆ?”

“ಮಾವ ಗೋಡೆ ಕಡೆ ಮುಖ ಮಾಡ್ಕೊಂಡು ಕೂರ್ತಿದ್ರು. ‘ಅವನ ಎಡಗೈ ಅವಳ ಕತ್ತಿನ ಕೆಳಗಿರ್ಲಿ’ ಅಂತ ಗೋಡೆಗೆ ಹೇಳೋರು. ನಾನು ಬರೀತಿದ್ದೆ. ಮುಗಿಸಿ, ಹಾಳೆ ಬೋರಲು ಹಾಕಿ ಕೆಳಗಿಳಿದು ಹೋಗ್ತಿದ್ದೆ. ನಾನು ಹೋದ ಮೇಲೆ ಅವರು ತಿರುಗಿ ನೋಡಿ ಸಹಿ ಹಾಕೋರು. ಒಂದು ಹಾಳೇನ ನಾವಿಬ್ರೂ ಜೊತೇಲಿ ನೋಡಿದ್ದೇ ಇಲ್ಲ. ಅಷ್ಟು ಮರ್ಯಾದೆ ಇತ್ತು ಅವರಿಗೆ.” ಅವಳ ಕಣ್ಣು ತುಂಬಿತು. “ಒಳ್ಳೆಯೋರು. ಆದ್ರೆ ನೋಡಿ ಬು, ಕೆಳಗಿನ ಮನೆತನದವಳು ಅಂತ ಈ ಮನೆಗೆ ಬಂದಾಗ ನನ್ನ ಹುಟ್ಟಿದ ಹೆಸರು ತೆಗೆದು ಹೂವಿನ ಹೆಸರಿಟ್ರು. ಚಿತ್ರ ಬರೆದೆ, ಅದರ ಮೇಲೂ ನನ್ನ ಹೆಸರು ಬರಲಿಲ್ಲ.”

“ಅದಕ್ಕೆ ಸಿಟ್ಟಿತ್ತಾ?”

“ಇತ್ತು. ಸಿಟ್ಟಿದ್ದವರೆಲ್ಲ ವಿಷ ಹಾಕ್ತಾರಾ? ನೀವು ಪೊಲೀಸ್ನೋರು, ನಿಮ್ಮ ಸಾಹೇಬರ ಮೇಲೆ ನಿಮಗೆ ಸಿಟ್ಟಿಲ್ವಾ?”

ಸುವಿತ್ರಿ ಬುಗ್ಗೆಯ ಚಿತ್ರವನ್ನು ಎತ್ತಿ ಅವಳ ಮುಂದೆ ಹಿಡಿದಳು.

“ಈ ಎಲೆ ನಿನ್ನದಲ್ಲ.”

ಸಾಂದತ್ ನೋಡಿದಳು. ಆ ದಿನದಿಂದ ಅವಳು ಆ ಹಾಳೆಯನ್ನು ಕಂಡಿರಲಿಲ್ಲ. ಪೊಲೀಸರು ಕೊಂಡೊಯ್ದಿದ್ದರು. ಅವಳ ಬಾಯಿ ಅರ್ಧ ತೆರೆದುಕೊಂಡಿತು.

“ಇಲ್ಲ,” ಎಂದಳು. “ಇದು ಮಾವ ಬರೆದ ಎಲೆ.”

“ನೀನು ಅಡುಗೆಗೆ ಹೋಗಿದ್ದಾಗ ಅವರು ಸಹಿ ಹಾಕೋಕೆ ಈ ಹಾಳೆ ತಿರುಗಿಸಿ ನೋಡಿದ್ರು. ನೋಡಿದ್ದು ಸಹಿಸೋಕೆ ಆಗ್ಲಿಲ್ಲ. ನಿನ್ನ ಕುಂಚ ಎತ್ಕೊಂಡ್ರು, ನಿನ್ನ ಬಟ್ಟಲಿಗೆ ಅದ್ದಿದ್ರು. ನಡುಗೋ ಕೈ. ತುದಿ ನಿಲ್ಲದೆ ಹೋದಾಗ ಹಳೇ ಅಭ್ಯಾಸ, ಬಾಯಿಗೆ ಹೋಯ್ತು. ಏನನ್ನ ಮುಚ್ಚಿದ್ರು ಜೆರೋ?”

“ನಂಗೊತ್ತಿಲ್ಲ.”

“ಬರೆದವಳು ನೀನು.”

“ನಂಗೊತ್ತಿಲ್ಲ ಅಂದೆನಲ್ಲ.”

ಸುವಿತ್ರಿ ಎದ್ದು ಕಿಟಕಿಗೆ ಹೋದಳು. ಮಧ್ಯಾಹ್ನದ ಬಿಸಿಲು ಅಂಗಳದ ಮೇಲೆ ಬಿಳುಪಾಗಿ ನಿಂತಿತ್ತು. ಅವಳು ಹಾಳೆಯನ್ನು ಕಿಟಕಿಯ ಚೌಕಟ್ಟಿಗೆ ಆನಿಸಿ ಬಿಸಿಲಿಗೆ ಹಿಡಿದಳು.

ಮೊದಲು ಬರೀ ಕಪ್ಪು. ಆಮೇಲೆ ದಪ್ಪ ಮಸಿಯ ಅಡಿಯಿಂದ ತೆಳುಗೆರೆ ಒಂದೊಂದಾಗಿ ಮೇಲೆದ್ದಿತು. ಹುಬ್ಬು. ಎಡ ಹುಬ್ಬಿನ ನಡುವೆ ಸೀಳಿದಂಥ ಹಳೆಯ ಗಾಯದ ಗುರುತು. ನೇರ ಮೂಗು. ನಗುತ್ತಿದ್ದ ಬಾಯಿ. ಕತೆಯ ರಾಜಕುಮಾರರಿಗೆ ಬರೆಯುವ ಮುಖ ಅದಾಗಿರಲಿಲ್ಲ. ಎಲ್ಲೋ ಒಂದು ಕಡೆ ನಿಜವಾಗಿ ಉಸಿರಾಡುತ್ತಿರುವ ಗಂಡಸಿನ ಮುಖ.

ಆ ಮುಖವನ್ನು ಸುವಿತ್ರಿ ನೋಡಿದ್ದಳು. ಕೆಳಗೆ ಜಗಲಿಯ ಗೋಡೆಯ ಮೇಲಿದ್ದ ಮದುವೆಯ ಫೋಟೋದಲ್ಲಿ, ಸಾಂದತ್‌ಳ ಪಕ್ಕದಲ್ಲಿ.

“ನಿನ್ನ ಗಂಡ,” ಎಂದಳು.

ಸಾಂದತ್ ನೆಲ ನೋಡುತ್ತಿದ್ದಳು.

“ಓಕ ಹಡಗಿನಲ್ಲಿದ್ದಾನೆ ಅಂತ ಎಲ್ಲರೂ ಹೇಳಿದ್ರಿ.”

“ನಾನೂ ಹಾಗೇ ಅಂದ್ಕೊಂಡಿದ್ದೆ ಬು.” ಅವಳ ದನಿ ಬತ್ತಿಹೋಗಿತ್ತು. “ಹುಣ್ಣಿಮೆ ಪೂಜೆಗೆ ಬುಗ್ಗೆಯಿಂದ ನೀರು ತರೋಕೆ ಹೋಗಿದ್ದೆ. ಸಂಜೆ. ಯಾರೂ ಇರೋ ಹೊತ್ತಲ್ಲ. ಅತ್ತಿ ಮರದ ಹಿಂದಿಂದ ನೋಡಿದೆ. ಅವಳ ಬೆನ್ನು ಮಾತ್ರ ಕಂಡಿತು. ಅವನ ಮುಖ ನನ್ನ ಕಡೆಗೇ ಇತ್ತು. ಕಣ್ಣು ಮುಚ್ಚಿದ್ದ.”

“ಏನು ಮಾಡ್ದೆ?”

“ಕೊಡ ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದ ಮೇಲೆ ಅವನದೇ ಫೋನು ಬಂತು. ದಿನಾ ಆ ಹೊತ್ತಿಗೆ ಮಾಡ್ತಾನೆ. ಊಟ ಆಯ್ತಾ ಅಂದ. ಸಮುದ್ರ ತುಂಬ ಜೋರಾಗಿದೆ, ಅಡುಗೆ ಪಾತ್ರೆಯೆಲ್ಲ ಉರುಳ್ತಿದೆ ಅಂದ.” ಅವಳು ನಕ್ಕಳು. ಕೇಳಲು ಹಿತವಾದ ನಗೆಯಲ್ಲ ಅದು. “ಹುಷಾರಾಗಿರು ಅಂದೆ. ಬೇರೆ ಏನು ಹೇಳ್ಲಿ? ಮಾರನೇ ಬೆಳಿಗ್ಗೆ, ಅದೇ ಅವರು ಸತ್ತ ದಿನ, ಮಾವ ಗೋಡೆ ಕಡೆ ತಿರುಗಿ ಕೂತು, ಇವತ್ತು ನಿನಗೆ ತೋಚಿದ್ದು ಬರಿ ಅಂದ್ರು. ಹಿಂದಿನ ದಿನ ಉಳಿದ ಮಸೀಲೇ ಬರೆದುಬಿಟ್ಟೆ. ಮುಖ ಬದಲಾಯಿಸ್ಬೇಕು ಅಂತಲೇ ಇದ್ದೆ. ಕೈ ಕೇಳಲಿಲ್ಲ.”

ಸುವಿತ್ರಿ ಹಾಳೆಯನ್ನು ಬಿಸಿಲಿನಿಂದ ಇಳಿಸಲಿಲ್ಲ. ಆ ನಡುಗುವ ಎಲೆಗಳನ್ನೇ ನೋಡುತ್ತಿದ್ದಳು. ಮುದುಕ ಮಗನ ಮುಖ ಗುರುತು ಹಿಡಿದಿದ್ದ. ಸೊಸೆ ಯಾಕೆ ಬರೆದಳು ಎಂಬುದೂ ಅವನಿಗೆ ತಿಳಿದಿರಬೇಕು. ಈ ಹಾಳೆ ಪಾಂಜಿಯ ಅಂಗಡಿಯ ಗೋಡೆಗೆ ಹೋಗುವ ಮುಂಚೆ ಮನೆಯ ಮಾನ ಮುಚ್ಚಲು ಅವನಿಗಿದ್ದದ್ದು ಆ ಕುಂಚ, ಆ ಬಟ್ಟಲು.

ಅವಳು ಕಿಟಕಿಯಿಂದ ಬಗ್ಗಿ ಕರೆದಳು. “ಬುದಾರ್ಸ, ಹಡಗು ಕಂಪನಿ ಏಜೆಂಟನಿಗೆ ಫೋನ್ ಹಚ್ಚು. ದೇವ ಓಕ ಹಡಗಿನಿಂದ ಯಾವತ್ತು ಇಳಿದ, ಯಾವ ಬಂದರಿನಲ್ಲಿ ಇಳಿದ ಕೇಳು. ನೋಡಿ ಹೇಳ್ತೀನಿ ಅಂದ್ರೆ ಬಿಡ್ಬೇಡ, ಕಾದು ಕೇಳು.”

“ಇಲ್ಲಿ ಸಿಗ್ನಲ್ ಸಿಗ್ತಿಲ್ಲ ಬು. ರಸ್ತೆ ತನಕ ಹೋಗ್ಬೇಕು.”

“ಹೋಗು.”

ಅವನು ಪೂರ್ವದ ಮಂಟಪದ ಮುಂದೆ ತಲೆ ತಗ್ಗಿಸಿ, ಹೆಬ್ಬಾಗಿಲು ದಾಟಿ ಹೋದ.

ಸುವಿತ್ರಿ ಮತ್ತೆ ಸಾಂದತ್‌ಳ ಎದುರು ಬಂದು ಕುಳಿತಳು. “ಈಗ ಯೋಚಿಸಿ ಹೇಳು. ರೆಂಬಾಂಗರೇ ಚಿತ್ರ ಬರೀತಾರೆ ಅಂತ ನಂಬಿದವನು ವಿಷ ಹಾಕಿದ್ರೆ, ಅದು ಅವರಿಗೇ ಇಟ್ಟಿದ್ದು. ಆಗ ಪಾಂಜಿನೂ ಅನುಮಾನದಲ್ಲಿರ್ತಾನೆ. ಬರೆಯೋಳು ನೀನು ಅಂತ ಗೊತ್ತಿದ್ದವನು ಹಾಕಿದ್ರೆ, ನಿನಗಿಟ್ಟಿದ್ದು. ಯಾರಿಗೆ ಗೊತ್ತಿತ್ತು?”

“ಮಾವನಿಗೆ, ನನಗೆ. ಇನ್ಯಾರಿಗೂ ಇಲ್ಲ.”

“ಅತ್ತೆಗೆ?”

“ಬಿಯಾಂಗ್‌ಗೆ ಕಣ್ಣಿಗೆ ಪೊರೆ ಬಂದಿದೆ. ನಾನು ಮೇಲೆ ಕೂತು ಮಸಿ ಅರೀತೀನಿ, ಮಾವ ಬರೀತಾರೆ ಅಂತಲೇ ಅವರಿಗೆ ಗೊತ್ತಿರೋದು.”

“ಓಕನಿಗೆ?”

“ಇಲ್ಲ.” ಈ ಸಲ ಉತ್ತರ ತಕ್ಷಣ ಬಂತು. “ಅವನಿಗಂತೂ ಇಲ್ವೇ ಇಲ್ಲ. ಮಗನಿಗೂ ಹೇಳಲ್ಲ ಅಂತ ಮಾವ ನನ್ನ ಕೈಲಿ ಮನೆದೇವರ ಮುಂದೆ ಆಣೆ ಮಾಡಿಸಿದ್ರು. ಗಂಡ ಅಂದವನಿಗೆ ತನ್ನ ಹೆಂಡತಿ ಇಂಥದ್ದು ಬರೀತಾಳೆ ಅಂತ ಗೊತ್ತಾದ್ರೆ ಸುಮ್ನಿರ್ತಾನಾ ಬು? ಅವನು ಮೋಸ ಮಾಡಿದ. ಅದನ್ನ ನಾನು ಕಣ್ಣಾರೆ ಕಂಡೆ. ಆದ್ರೆ ಕೊಲ್ಲೋನಲ್ಲ. ನಂಗೆ ಗೊತ್ತು. ನನ್ನ ಬಟ್ಟಲು ಅಂತ ಒಂದಿದೆ ಅನ್ನೋದೇ ಅವನಿಗೆ ಗೊತ್ತಿಲ್ಲ.”

ಅದು ನಿಜವಾಗಿದ್ದರೆ ಓಕ ಈ ಸಾವಿನಿಂದ ಹೊರಗುಳಿಯುತ್ತಿದ್ದ. ಸುವಿತ್ರಿ ಅದನ್ನು ಎರಡು ಕಡೆಯಿಂದಲೂ ತೂಗಿ ನೋಡಿದಳು. ಹೆಂಡತಿಗೆ ಸುಳ್ಳು ಹೇಳುವುದು ಬೇರೆ, ಅವಳ ಬಾಯಿಗೆ ಸಾವು ಇಡುವುದು ಬೇರೆ. ಬುಗ್ಗೆಯಲ್ಲಿ ಬೆನ್ನು ಮಾತ್ರ ಕಂಡ ಆ ಹೆಂಗಸು ಯಾರು, ಅವಳಿಗೆ ಈ ಮನೆಯೊಳಗೆ ಎಷ್ಟು ದಾರಿ ಗೊತ್ತು, ಅದನ್ನು ಮೊದಲು ಹುಡುಕಬೇಕು.

“ಅವನು ಬಂದ್ರೆ ನೀನು ಕಂಡದ್ದನ್ನ ಬಾಯಿ ಬಿಡ್ಬೇಡ,” ಎಂದಳು. “ಒಂಟಿಯಾಗಿ ಮಾತಾಡ್ಬೇಡ. ಯಾರು ಏನು ಕೊಟ್ರೂ ತಿನ್ಬೇಡ.”

ಸಾಂದತ್ ತಲೆಯಾಡಿಸಿದಳು. ತಾನು ಬರೆದ ಹಿಮ್ಮಡಿ ಕಾಲ್ಬೆರಳಿನ ಹಾಳೆಯನ್ನು ಎತ್ತಿಕೊಂಡು, ಬಿದ್ದ ಮಸಿಯ ತೊಟ್ಟನ್ನು ಬೆರಳಿನಿಂದ ಎಳೆದು ಒಂದು ಎಲೆಯಾಗಿಸಿದಳು. ಕೈ ತಾನೇ ತಾನಾಗಿ ಮಾಡಿದ ಕೆಲಸ ಅದು.

ಮೆಟ್ಟಿಲಿನ ಮೇಲೆ ಕೋಲು ತಟ್ಟುವ ಸದ್ದಾಯಿತು.

ಅತ್ತೆ ಬಿಯಾಂಗ್ ರಾಕ ಒಂದೊಂದೇ ಮೆಟ್ಟಿಲು ತಡವಿ ಹತ್ತಿಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಂಜುಗಟ್ಟಿದ ಕಣ್ಣು ಕೋಣೆಯ ಮೇಲೆಲ್ಲ ಅಲೆಯಿತು. ಹರಡಿದ ಹಾಳೆಗಳಾವುವೂ ಅವಳಿಗೆ ಕಾಣಲಿಲ್ಲ. ಅತ್ತು ಅತ್ತು ಊದಿದ ಮುಖದಲ್ಲಿ ಈ ವಾರದಲ್ಲಿ ಮೊದಲ ಸಲ ಸ್ವಲ್ಪ ಸಮಾಧಾನ ಮೂಡಿತ್ತು.

“ಸಾಂದತ್, ಇಲ್ಲಿದೀಯೇನಮ್ಮ? ಇಳಿದು ಬಾ. ಓಕ ಬಂದ.”

ಸಾಂದತ್ ಎದ್ದು ನಿಂತಳು. “ಯಾವಾಗ ಬಿಯಾಂಗ್?”

“ಈಗ ತಾನೇ. ಸಿಂಗಾಪುರದಿಂದ ವಿಮಾನ ಹಿಡಿದು ನೇರ ಬಂದ್ನಂತೆ. ಪಾಪ, ಅಪ್ಪನ ಕಾಲು ಹಿಡ್ಕೊಂಡು ಎಷ್ಟು ಅತ್ತ ಅಂತೀಯ. ಊಟನೂ ಬೇಡವಂತೆ. ಸಾಂದತ್ ಎಲ್ಲಿ, ಸಾಂದತ್ ಎಲ್ಲಿ ಅಂತ ನಿನ್ನನ್ನೇ ಕೇಳ್ತಿದಾನೆ.” ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇಷ್ಟು ದುಃಖದಲ್ಲೂ ನಿನ್ನ ಮರೆತಿಲ್ಲ ನೋಡು. ನಿನಗೆ ಅಂತ ಒಳ್ಳೇ ಮಸಿ ತಂದಿದಾನೆ. ‘ಅಪ್ಪ ಹೋದ್ರು ಅಂತ ಅವಳ ಕೈ ನಿಲ್ಬಾರದಮ್ಮ’ ಅಂದ. ಹಾಗಂದ್ರೇನು ಅಂತ ನಂಗೆ ಅರ್ಥ ಆಗ್ಲಿಲ್ಲ. ನಿನ್ನ ಕೈ ಯಾಕೆ ನಿಲ್ಲತ್ತೆ?”

ಆಣೆ ಮಾಡಿ ಮುಚ್ಚಿಟ್ಟಿದ್ದ ಗುಟ್ಟು ಓಕನಿಗೆ ಮೊದಲೇ ಗೊತ್ತಿತ್ತು.

ಸಾಂದತ್‌ಳ ಮುಖ ಬಿಳಿಚಿಕೊಂಡಿತ್ತು. ಸುವಿತ್ರಿ ಕಿಟಕಿಯಿಂದ ಹೆಬ್ಬಾಗಿಲಿನ ಕಡೆ ನೋಡಿದಳು. ಬುದಾರ್ಸ ಇನ್ನೂ ಬಂದಿರಲಿಲ್ಲ.

ಮುದುಕಿಯ ಹಿಂದೆ, ಮೆಟ್ಟಿಲಿನ ಕೆಳಗಡೆ, ಯಾರೋ ಚಪ್ಪಲಿ ಬಿಟ್ಟ ಸದ್ದು ಕೇಳಿಸಿತು. ಬರಿಗಾಲಿನ ಹೆಜ್ಜೆ ಅವಸರವಿಲ್ಲದೆ ಮೇಲೇರತೊಡಗಿತು.

“ಸಾಂದತ್,” ಗಂಡಸಿನ ದನಿ ಮೃದುವಾಗಿ ಕರೆಯಿತು. “ಬಾಗಿಲು ಹಾಕ್ಕೋಬೇಡ. ನಾನೇ ಬಂದೆ.”